ಟರ್ಬೊ ಕಾರಿಗೆ ಹೊಸ ಎಕ್ಸಾಸ್ಟ್ ಹಾಕಿಸಿದ ಮೇಲೆ ತೊಂದರೆಯೇ? ಲಕ್ಷಣ ಹಿಡಿದು ಕಾರಣ ಹುಡುಕುವ ಬಗೆ

ಹೊಸ ಎಕ್ಸಾಸ್ಟ್, ಅಂದರೆ ಎಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಸಾಗಿಸುವ ಪೈಪಿನ ಸಾಲು, ಹಾಕಿಸಿಕೊಂಡವರಲ್ಲಿ ಎರಡು ಥರದವರು. ಒಬ್ಬರು ಅಂಡರ್‌ಪಾಸ್ ಕಂಡಲ್ಲೆಲ್ಲ ಕಿಟಕಿ ಇಳಿಸಿ ಸದ್ದು ಕೇಳುತ್ತಾ ಖುಷಿಯಾಗಿರುತ್ತಾರೆ. ಇನ್ನೊಬ್ಬರು ವಾರದೊಳಗೆ "ಏನೋ ಟಿಕ್ ಟಿಕ್ ಅಂತಿದೆ", "ಲೈಟ್ ಹತ್ತಿದೆ", "ಪಿಕಪ್ ಮೊದಲಿಗಿಂತ ಕಮ್ಮಿ" ಅಂತ ಫೋನ್ ಮಾಡುತ್ತಾರೆ. ಈ ಬರಹ ಆ ಎರಡನೆಯವರಿಗೆ.

ಉದಾಹರಣೆಗೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಳ್ಳೋಣ. 2017ರಲ್ಲಿ ನಮ್ಮಲ್ಲಿಗೆ ಬಂದಿದ್ದು 230 ಪಿಎಸ್, 350 ನ್ಯೂಟನ್ ಮೀಟರ್‌ನ 2.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್. 2020ರಲ್ಲಿ ಬರೀ 200 ಕಾರು ಬಂದ 245 ಪಿಎಸ್ ಮಾಡೆಲ್ಲಿನಲ್ಲೂ ಎಂಜಿನ್ ಅದೇ ಇಎ888 ಕುಟುಂಬದ್ದು. 1.8 ಟಿಎಸ್‌ಐ ಕೂಡ ಅದರ ತಮ್ಮನೇ. ಬೇರೆ ಟರ್ಬೊ ಪೆಟ್ರೋಲ್ ಕಾರಿದ್ದರೂ ಹುಡುಕುವ ದಾರಿ ಹೆಚ್ಚುಕಮ್ಮಿ ಒಂದೇ. ಪೈಪಿನ ಆಕಾರ, ಬೋಲ್ಟಿನ ಜಾಗ ಬದಲಾಗುತ್ತದೆ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಎಕ್ಸಾಸ್ಟ್ ಆದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಪೈಪಿನದಲ್ಲ, ಟರ್ಬೊದ್ದೂ ಅಲ್ಲ. ಅವು ಜಾಯಿಂಟಿನವು, ಅದರ ನಡುವಿನ ಪ್ಯಾಕಿಂಗಿನವು (ಗ್ಯಾಸ್ಕೆಟ್), ಕೆಲಸದ ಮಧ್ಯೆ ಬಿಚ್ಚಿ ಮತ್ತೆ ಸರಿಯಾಗಿ ಕೂರಿಸದ ಯಾವುದೋ ಹೋಸಿನವು. ಕೊನೆಯ ಸಲ ಕೈ ಎಲ್ಲಿ ಆಡಿತೋ ಅಲ್ಲಿಂದ ಹುಡುಕಬೇಕು. ರೀಮ್ಯಾಪ್ (ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸುವುದು), ಹೊಸ ಸೆನ್ಸರ್, ಹೊಸ ಟರ್ಬೊ ಇವೆಲ್ಲ ಆಮೇಲಿನ ಮಾತು.

## ನೀವು ಏನು ಬದಲಾಯಿಸಿದ್ದೀರಿ?

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ. ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವುದು ಟರ್ಬೊ. ಅದಕ್ಕೆ ಅಂಟಿಕೊಂಡಂತೆ ಇರುವ ಮೊದಲ ಪೈಪು ಡೌನ್‌ಪೈಪ್. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಎಲ್ಲರೂ ಕ್ಯಾಟ್ ಅನ್ನುವ ಭಾಗ, ಇದರೊಳಗೇ ಇರುತ್ತದೆ. ಕ್ಯಾಟಿನ ಹಿಂದಿನಿಂದ ಬಂಪರ್‌ವರೆಗೆ ಬದಲಾಯಿಸಿದರೆ ಅದು ಕ್ಯಾಟ್‌ಬ್ಯಾಕ್: ನಡುವಿನ ಪೈಪು, ಸದ್ದಿನ ಗುಂಯ್ ಅಡಗಿಸುವ ರೆಸೊನೇಟರ್, ಹಿಂದಿನ ಸೈಲೆನ್ಸರ್.

ಬರೀ ಕ್ಯಾಟ್‌ಬ್ಯಾಕ್ ಹಾಕಿಸಿದ್ದರೆ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಸೆನ್ಸರ್‌ಗಳನ್ನು ಯಾರೂ ಮುಟ್ಟಿರುವುದಿಲ್ಲ. ಆಗ ಎಂಜಿನ್ ಚೆಕ್ ಲೈಟ್ ಹತ್ತಿದರೆ ಕಾರಣ ಬಹುಮಟ್ಟಿಗೆ ಬೇರೆಯೇ ಇರುತ್ತದೆ. ಡೌನ್‌ಪೈಪ್ ಬದಲಾಗಿದ್ದರೆ ಕೆಳಗಿನ ಎಲ್ಲ ಲಕ್ಷಣಗಳೂ ನಿಮಗೆ ಸಂಬಂಧಪಟ್ಟವು.

## ಕಾರಿನ ಕೆಳಗೆ ಹೋಗುವ ಮುಂಚೆ

ಜಾಕ್ ಕಾರನ್ನು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಜಾಕ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ತಲೆ ಹಾಕಬೇಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ.

ಜೋರಾಗಿ ಓಡಿಸಿದ ಟರ್ಬೊ ಕಾರಿನ ಡೌನ್‌ಪೈಪ್ ನೂರಾರು ಡಿಗ್ರಿ ಬಿಸಿಯಾಗಿರುತ್ತದೆ. ಒಂದು ಗಂಟೆ ಬಿಟ್ಟರೂ ಒಳಗಿನ ಬಿಸಿ ಪೂರ್ತಿ ಹೋಗಿರುವುದಿಲ್ಲ. ಕೆಲಸವನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ತಣ್ಣಗಿರುವಾಗಲೇ ಸಿಗುವ ಸುಳಿವುಗಳೂ ಇವೆ, ಮುಂದೆ ಬರುತ್ತವೆ.

ಇನ್ನೊಂದು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಂಜಿನ್ ಆನ್ ಮಾಡಿಟ್ಟುಕೊಂಡು ಲೀಕ್ ಹುಡುಕಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಭಾರ ಅನ್ನಿಸುವ ಹೊತ್ತಿಗೆ ಆಗಲೇ ಜಾಸ್ತಿ ಒಳಗೆ ಹೋಗಿರುತ್ತದೆ. ಬಯಲಲ್ಲಿ ನಿಲ್ಲಿಸಿಯೇ ನೋಡಿ.

## ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಇಲ್ಲ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಎಲ್ಲಕ್ಕಿಂತ ಸುಲಭವಾಗಿ ಸಿಗುವುದೂ ಇದೇ.

ತಣ್ಣಗಿರುವಾಗ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದು. ಒಂದೊಂದು ಸಿಲಿಂಡರ್ ಹೊಗೆ ತಳ್ಳಿದಾಗಲೂ ಅಲ್ಲಿಂದ ಒಂದು ಟಿಕ್. ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಸಂದು ಮುಚ್ಚುತ್ತದೆ, ಸದ್ದು ನಿಲ್ಲುತ್ತದೆ. ಆದ್ದರಿಂದ "ಬಿಸಿಯಾದ ಮೇಲೆ ಸರಿಹೋಗುತ್ತೆ ಬಿಡಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಲೀಕ್ ಇದೆ ಅನ್ನುವುದಕ್ಕೇ ಸಾಕ್ಷಿ.

ಆದರೆ ಮೊದಲು ಇಂಜೆಕ್ಟರ್ ಸದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನೇರವಾಗಿ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಈ ಎಂಜಿನ್‌ಗಳಲ್ಲಿ ಇಂಜೆಕ್ಟರ್, ಹೈ ಪ್ರೆಶರ್ ಪಂಪ್ ಎರಡೂ ಟಿಕ್ ಅನ್ನುತ್ತಲೇ ಇರುತ್ತವೆ. ಆ ಸದ್ದು ಬಿಸಿಯಾದರೂ ಹೋಗುವುದಿಲ್ಲ, ಎಂಜಿನ್ ಮೇಲೆ ಸಮನಾಗಿ ಕೇಳಿಸುತ್ತದೆ. ಲೀಕಿನ ಸದ್ದು ಆಕ್ಸಲರೇಟರ್ ಒತ್ತಿದಾಗ ಜೋರಾಗುತ್ತದೆ, ಕೆಳಗಿನಿಂದ ಅಥವಾ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಕಡೆಯಿಂದ ಬರುತ್ತದೆ. ಹೊಸ ಪೈಪು ಹಾಕಿಸಿದವರ ಕಿವಿ ಒಂದು ತಿಂಗಳು ಚುರುಕಾಗಿರುತ್ತದೆ. ಮೊದಲಿನಿಂದಲೂ ಇದ್ದ ಸದ್ದು ಈಗ ಹೊಸದಾಗಿ ಕೇಳುವುದೂ ಉಂಟು.

ಖರ್ಚಿಲ್ಲದ ಪರೀಕ್ಷೆ: ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಿ. ಲೀಕ್ ಇರುವ ಕಡೆ ಕಪ್ಪು ಮಸಿಯ ಗೆರೆ ಬಿದ್ದಿರುತ್ತದೆ, ಸಂದಿನಿಂದ ಹೊರಕ್ಕೆ ಬೀಸಿದ ಹಾಗೆ. ಹೊಸ ಸ್ಟೇನ್‌ಲೆಸ್ ಪೈಪಿನ ಮೇಲೆ ಇದು ಎದ್ದು ಕಾಣುತ್ತದೆ. ಬಂಗಾರದ ಬಣ್ಣ, ನೀಲಿ ಬಣ್ಣ ಕಂಡರೆ ಗಾಬರಿ ಬೇಡ, ಬಿಸಿಗೆ ಸ್ಟೇನ್‌ಲೆಸ್ ಆ ಬಣ್ಣಕ್ಕೆ ತಿರುಗುತ್ತದೆ.

ಮಸಿ ಸಿಗಲಿಲ್ಲವೇ? ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಹಿಂದಿನ ಟೇಲ್‌ಪೈಪಿಗೆ ಬಟ್ಟೆ ಸುತ್ತಿ ಕೂರಿಸಿ. ಎರಡು ಟೇಲ್‌ಪೈಪ್ ಇದ್ದರೆ ಇನ್ನೊಂದನ್ನು ಬಟ್ಟೆ ತುರುಕಿ ಮುಚ್ಚಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ ಒಂದೊಂದೇ ಜಾಯಿಂಟಿಗೆ ಹೊಡೆಯಿರಿ. ಗುಳ್ಳೆ ಎದ್ದ ಕಡೆ ಲೀಕ್. ಸಣ್ಣ ಗುಳ್ಳೆ ನಿಧಾನಕ್ಕೆ ಎದ್ದರೆ ಒಂದು ಪೈಪಿನೊಳಗೆ ಇನ್ನೊಂದು ಕೂರುವ ಸ್ಲಿಪ್ ಜಾಯಿಂಟಿನಲ್ಲಿ ಅಷ್ಟಿಷ್ಟು ಸಹಜ. ನೊರೆ ಉಕ್ಕಿದರೆ ಬಿಚ್ಚಲೇಬೇಕು. ತುರುಕಿದ ಬಟ್ಟೆಯನ್ನು ಮರೆಯದೆ ತೆಗೆಯಿರಿ. ತಮಾಷೆಗೆ ಹೇಳುತ್ತಿಲ್ಲ, ಪಿಕಪ್ ಸತ್ತುಹೋದ ಕಾರುಗಳ ಪೈಪಿನೊಳಗೆ ಬಟ್ಟೆ ಸಿಕ್ಕಿದ್ದಿದೆ.

ಎಲ್ಲಿ ಹೆಚ್ಚು? ಟರ್ಬೊ ಮತ್ತು ಡೌನ್‌ಪೈಪ್ ಸೇರುವ ಕಡೆ. ಈ ಎಂಜಿನ್ನಿನಲ್ಲಿ ಅಲ್ಲಿ ಎರಡೂ ಅಂಚನ್ನು ಸುತ್ತಿ ಹಿಡಿಯುವ ಪಟ್ಟಿ, ವಿ-ಬ್ಯಾಂಡ್ ಕ್ಲಾಂಪ್ ಇರುತ್ತದೆ. ಎರಡು ಫ್ಲಾಂಜ್ (ಪೈಪಿನ ತುದಿಯ ಅಗಲ ಅಂಚು) ಮುಖ ಕೊಟ್ಟು ನೇರವಾಗಿ ಕೂತಿದ್ದರೆ ಮಾತ್ರ ಈ ಕ್ಲಾಂಪ್ ಕೆಲಸ ಮಾಡುತ್ತದೆ. ಸ್ವಲ್ಪ ಓರೆಯಾಗಿ ಕೂತಿದ್ದರೆ ನಟ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಜಾಸ್ತಿ ಬಿಗಿದರೆ ಕ್ಲಾಂಪೇ ಅಗಲವಾಗಿ ಹಾಳಾಗುತ್ತದೆ. ಸರಿಯಾದ ಕ್ರಮ ಹೀಗೆ: ಕೆಳಗಿನ ಎಲ್ಲ ಬೋಲ್ಟ್, ಪೈಪನ್ನು ತೂಗುಹಾಕಿದ ಹ್ಯಾಂಗರ್ ಸಡಿಲಿಸಿ. ವಿ-ಬ್ಯಾಂಡನ್ನು ಕೂರಿಸಿ, ಸುತ್ತಲೂ ಮೆಲ್ಲಗೆ ತಟ್ಟುತ್ತಾ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೆ ಹಿಂದಕ್ಕೆ ಹೋಗುತ್ತಾ ಉಳಿದವನ್ನು ಬಿಗಿಯಿರಿ. ಹಿಂದಿನಿಂದ ಶುರುಮಾಡಿ ಮುಂದಕ್ಕೆ ಬಂದ ಗ್ಯಾರೇಜುಗಳಲ್ಲೇ ಈ ಲೀಕ್ ಜಾಸ್ತಿ.

ಹಳೆಯ ಪ್ಯಾಕಿಂಗನ್ನೇ ಮತ್ತೆ ಹಾಕಿದ್ದಾರಾ ಕೇಳಿ. ಒಮ್ಮೆ ಅಮುಕಿಕೊಂಡ ಪ್ಯಾಕಿಂಗ್ ಮತ್ತೆ ಅದೇ ಥರ ಕೂರುವುದಿಲ್ಲ. ಹೊಸದರ ಬೆಲೆ ಮತ್ತೊಮ್ಮೆ ಬಿಚ್ಚುವ ಕೂಲಿಗಿಂತ ಕಡಿಮೆ.

ಇಲ್ಲಿಗೆ ನಿಲ್ಲಿಸಿ: ಮಸಿ ಟರ್ಬೊ ಮತ್ತು ಸಿಲಿಂಡರ್ ಹೆಡ್ ನಡುವೆ ಕಂಡರೆ ಸ್ವಂತ ಕೈ ಹಾಕಬೇಡಿ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಎರಕವಾಗಿರುತ್ತದೆ, ಟರ್ಬೊ ನೇರವಾಗಿ ಹೆಡ್ಡಿಗೆ ಸ್ಟಡ್‌ಗಳಿಂದ (ತಲೆಯಿಲ್ಲದ ಬೋಲ್ಟ್) ಕೂತಿರುತ್ತದೆ. ತುಕ್ಕು ಹಿಡಿದ ಸ್ಟಡ್ ಹೆಡ್ಡಿನಲ್ಲಿ ಮುರಿದುಕೊಂಡರೆ ಖರ್ಚು ಎಕ್ಸಾಸ್ಟಿನ ಬೆಲೆಯನ್ನೂ ದಾಟಬಹುದು.

## ಕಾರಿನೊಳಗೆ ಹೊಗೆ ವಾಸನೆ

ಇದು ಕಾಯುವ ವಿಷಯವಲ್ಲ. ಕಿಟಕಿ ಇಳಿಸಿ. ಎಸಿ ಹೊರಗಿನ ಗಾಳಿ ಎಳೆಯದಂತೆ ಒಳಗಿನ ಗಾಳಿಯ ಬಟನ್ ಒತ್ತಿ. ಬದಿಗೆ ನಿಲ್ಲಿಸಿ. ತಲೆನೋವು, ವಾಕರಿಕೆ, ಮಂಪರು ಇದ್ದರೆ ಓಡಿಸಿಕೊಂಡು ಮನೆಗೆ ಹೋಗುವ ಯೋಚನೆ ಬೇಡ. ಟೋ ಮಾಡಿಸಿ.

ವಾಸನೆ ಯಾವಾಗ ಬರುತ್ತದೆ ಅನ್ನುವುದೇ ಸುಳಿವು. ಸಿಗ್ನಲ್ಲಿನಲ್ಲಿ ನಿಂತಾಗ, ಎಸಿ ಕಿಂಡಿಯಿಂದ ಬಂದರೆ ಲೀಕ್ ಎಂಜಿನ್ ಕೋಣೆಯಲ್ಲಿದೆ. ಹೊರಗಿನ ಗಾಳಿ ಒಳಗೆ ಬರುವ ಜಾಗ ವೈಪರ್ ಬುಡದಲ್ಲಿ, ಅದಕ್ಕೆ ಹತ್ತಿರವೇ ಡೌನ್‌ಪೈಪ್. ಓಡುವಾಗ ಹಿಂದಿನ ಸೀಟಿನಲ್ಲಿ ಬಂದರೆ ಟೇಲ್‌ಪೈಪ್ ನೋಡಿ. ತುದಿ ಬಂಪರ್ ಒಳಗೇ ನಿಂತಿದ್ದರೆ ಹೊಗೆ ಕಾರಿನ ಹಿಂದಿನ ಸುಳಿಗಾಳಿಗೆ ಸಿಕ್ಕಿ ಡಿಕ್ಕಿಯ ಬೀಡಿಂಗ್ ಸಂದಿನಿಂದ ಒಳಗೆ ಬರುತ್ತದೆ. ತುದಿಯನ್ನು ಎರಡು ಮೂರು ಸೆಂಟಿಮೀಟರ್ ಹೊರಗೆ ತಂದರೆ ಎಷ್ಟೋ ಸಲ ಸರಿಹೋಗುತ್ತದೆ.

ಕ್ಯಾಟ್ ಕಿತ್ತುಹಾಕಿದ ಕಾರಿನಲ್ಲಿ ಲೀಕ್ ಇಲ್ಲದೆಯೂ ಖಾರ ಖಾರ ಪೆಟ್ರೋಲ್ ವಾಸನೆ ಇರುತ್ತದೆ. ಕಾರ್ಬನ್ ಮೊನಾಕ್ಸೈಡನ್ನು ಸುಟ್ಟು ಕಡಿಮೆ ಮಾಡುತ್ತಿದ್ದುದೇ ಕ್ಯಾಟ್. ಅದು ಇಲ್ಲದ ಮೇಲೆ ಅದೇ ಸಣ್ಣ ಲೀಕ್ ಹೆಚ್ಚು ಅಪಾಯ.

## ಹೈವೇಯಲ್ಲಿ ಕಿವಿ ಗುಂಯ್ ಅನ್ನುವ ಡ್ರೋನ್

ನೂರರ ಆಸುಪಾಸಿನಲ್ಲಿ ಸುಮ್ನೆ ಹೋಗುತ್ತಿರುವಾಗ ಒಂದೇ ಸಮ ಗುಂಯ್, ಇದನ್ನೇ ಡ್ರೋನ್ ಅನ್ನುತ್ತಾರೆ. ವೇಗ ಸ್ವಲ್ಪ ಜಾಸ್ತಿ ಮಾಡಿದರೆ ಇಲ್ಲ, ಕಮ್ಮಿ ಮಾಡಿದರೂ ಇಲ್ಲ. ತುಮಕೂರು ದಾಟುವಷ್ಟರಲ್ಲಿ ಹಿಂದೆ ಕೂತವರು ಇಳಿಯುತ್ತೇವೆ ಅನ್ನುತ್ತಾರೆ.

ಮೊದಲು ಇದು ನಿಜಕ್ಕೂ ಡ್ರೋನೇ ಅಂತ ನೋಡಿ. ಪೈಪು ಎಲ್ಲೋ ಕಾರಿನ ಬಾಡಿಗೆ ತಾಗಿದರೂ ಇದೇ ಥರ ಗುಂಯ್ ಅನ್ನುತ್ತದೆ. ಕಾರು ತಣ್ಣಗಿರುವಾಗ ಟೇಲ್‌ಪೈಪ್ ಹಿಡಿದು ಮೇಲೆ ಕೆಳಗೆ, ಅಕ್ಕಪಕ್ಕ ಅಲ್ಲಾಡಿಸಿ. ಠಣ್ ಅಂದರೆ ತಾಗುತ್ತಿದೆ. ಹ್ಯಾಂಗರ್ ರಬ್ಬರ್ ಬಿಸಿಗೆ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಗ್ಯಾರೇಜಿನವರು ಜಾಗಕ್ಕೆ ಬರಲಿಲ್ಲ ಅಂತ ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿದ್ದರೆ ಅದೂ ನಡುಕವನ್ನು ನೇರ ಬಾಡಿಗೆ ದಾಟಿಸುತ್ತದೆ.

ಏನೂ ತಾಗುತ್ತಿಲ್ಲವೇ? ಹಾಗಾದರೆ ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಗೆ ತಳ್ಳುತ್ತದೆ. ಡ್ರೋನ್ 2400 ಆರ್‌ಪಿಎಂನಲ್ಲಿ ಇದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 40 ಸುತ್ತು, ಅಂದರೆ 80 ಹರ್ಟ್ಜ್. ಫೋನಿನಲ್ಲಿ ಸದ್ದಿನ ಫ್ರೀಕ್ವೆನ್ಸಿ ತೋರಿಸುವ ಬಿಟ್ಟಿ ಆ್ಯಪ್ ಹಾಕಿ, ಪಕ್ಕದಲ್ಲಿ ಕೂತವರು ಹಿಡಿದುಕೊಳ್ಳಲಿ, ನೀವು ರಸ್ತೆ ನೋಡಿ. ಅಲ್ಲೂ 80ರ ಹತ್ತಿರ ಗೆರೆ ಎದ್ದರೆ ಪೈಪಿನ ಉದ್ದ ಆ ಸದ್ದಿಗೆ ಶ್ರುತಿಗೂಡಿದೆ ಅಂತ ಅರ್ಥ.

ಪರಿಹಾರದಲ್ಲೂ ಅಗ್ಗದ್ದು ಮೊದಲು. ರೆಸೊನೇಟರ್ ತೆಗೆಸಿದ್ದರೆ ಅದನ್ನೇ ವಾಪಸ್ ಹಾಕಿಸಿ. ಅದು ಸಾಲದಿದ್ದರೆ ತುದಿ ಮುಚ್ಚಿದ ಒಂದು ಪಕ್ಕದ ಪೈಪು ಬೆಸೆಸುವುದುಂಟು, ಜೆ-ಪೈಪ್ ಅನ್ನುತ್ತಾರೆ. ಅದರ ಉದ್ದ ಸದ್ದಿನ ಅಲೆಯ ಕಾಲು ಭಾಗ ಇರಬೇಕು. ಆ ಪೈಪಿನೊಳಗಿನ ಗ್ಯಾಸ್ 150 ಡಿಗ್ರಿ ಇದ್ದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 410 ಮೀಟರ್. ಇದನ್ನು 80ರಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿ. ಸುಮಾರು 1.28 ಮೀಟರ್ ಬರುತ್ತದೆ. ತಣ್ಣನೆಯ ಗಾಳಿಯ 340 ಮೀಟರ್ ವೇಗ ಹಿಡಿದು ಲೆಕ್ಕ ಹಾಕಿದರೆ ಪೈಪು ಗಿಡ್ಡವಾಗುತ್ತದೆ, ಡ್ರೋನ್ ಹಾಗೇ ಉಳಿಯುತ್ತದೆ. ವೆಲ್ಡಿಂಗ್ ಮಾಡುವವರಿಗೆ ಯಾವ ಆರ್‌ಪಿಎಂನಲ್ಲಿ ಗುಂಯ್ ಅನ್ನುತ್ತದೆ ಅಂತ ಹೇಳದೆ "ಸದ್ದು ಕಮ್ಮಿ ಮಾಡಿ" ಅಂದರೆ ಅವರಾದರೂ ಏನು ಮಾಡಿಯಾರು?

## ಹಂಪ್ಸ್ ಮೇಲೆ ಟಣ್, ಗುಂಡಿಯಲ್ಲಿ ಧಡ್

ಹೆಚ್ಚಿನ ಸಲ ಹೀಟ್ ಶೀಲ್ಡಿನ ಒಂದು ಸ್ಕ್ರೂ ಇರುವುದಿಲ್ಲ, ಅಥವಾ ಪೈಪು ಹಿಂದಿನ ಸಸ್ಪೆನ್ಷನ್ನಿಗೆ ತಾಗುತ್ತಿರುತ್ತದೆ. ತಾಗಿದ ಕಡೆ ಹೊಳೆಯುವ ಗೀರು ಇರುತ್ತದೆ, ಹುಡುಕಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಲಿಫ್ಟ್ ಮೇಲೆ ಏರಿಸಿದಾಗ ಚಕ್ರಗಳು ಜೋತುಬೀಳುತ್ತವೆ, ಎಲ್ಲ ಸಂದೂ ಅಗಲವಾಗಿ ಕಾಣುತ್ತದೆ. "ನೋಡಿ ಸಾರ್, ಎರಡು ಬೆರಳು ಜಾಗ ಇದೆ" ಅಂತ ಮೇಸ್ತ್ರಿ ತೋರಿಸುವುದು ಆಗಲೇ. ಕಾರು ಚಕ್ರದ ಮೇಲೆ ನಿಂತಿರುವಾಗ ನೋಡಬೇಕು. ಕೆಳಗಿಳಿದು ನೋಡುವ ಗುಂಡಿ ಇರುವ ಗ್ಯಾರೇಜಾದರೆ ಒಳ್ಳೆಯದು. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ ನೋಡಿದರೆ ಇನ್ನೂ ಒಳ್ಳೆಯದು.

ಬಿಸಿಯಾದ ಮೇಲಷ್ಟೇ ಸದ್ದು ಬಂದರೆ ಕಾರಣ ಪೈಪು ಉದ್ದವಾಗುವುದು. ಎರಡು ಮೀಟರ್ ಉದ್ದದ 304 ಸ್ಟೇನ್‌ಲೆಸ್ ಪೈಪು 300 ಡಿಗ್ರಿ ಬಿಸಿಯಾದರೆ ಹತ್ತು ಮಿಲಿಮೀಟರ್ ಬೆಳೆಯುತ್ತದೆ. ಪೈಪು ಬೆಳೆಯುವುದು ಹಿಂದಕ್ಕೆ. ಆದ್ದರಿಂದ ತಣ್ಣಗಿರುವಾಗ ಹ್ಯಾಂಗರ್ ರಬ್ಬರ್‌ಗಳು ಸ್ವಲ್ಪ ಮುಂದಕ್ಕೆ ವಾಲಿರಬೇಕು. ತಣ್ಣಗಿರುವಾಗ ನೆಟ್ಟಗೆ ನಿಲ್ಲಿಸಿದರೆ ಬಿಸಿಯಾದಾಗ ಹಿಂದಕ್ಕೆ ಎಳೆದುಕೊಳ್ಳುತ್ತವೆ, ತುದಿ ಬಂಪರಿಗೆ ತಾಗಿ ಪ್ಲಾಸ್ಟಿಕ್ ಕರಗುತ್ತದೆ.

ಫ್ಲೆಕ್ಸ್ ಪೈಪಿನ ಮೇಲಿನ ಹೆಣೆದ ತಂತಿ ಬಿಚ್ಚಿಕೊಂಡಿದ್ದರೆ ಅದರ ಆಯಸ್ಸು ಮುಗಿಯಿತು. ಅಡ್ಡಲಾಗಿ ಕೂತ ಎಂಜಿನ್ ಪ್ರತಿ ಸಲ ಆಕ್ಸಲರೇಟರ್ ಒತ್ತಿದಾಗಲೂ ಹಿಂದೆ ಮುಂದೆ ವಾಲುತ್ತದೆ. ಅದನ್ನು ನುಂಗಿಕೊಳ್ಳುವುದೇ ಫ್ಲೆಕ್ಸ್. ಹೊಸ ಫ್ಲೆಕ್ಸ್ ಬೇಗ ಹರಿದರೆ ಎಂಜಿನ್ ಮೌಂಟ್ ಕೂಡ ನೋಡಿಸಿ.

## ಎಂಜಿನ್ ಚೆಕ್ ಲೈಟ್

ಲೈಟ್ ಮಿಣುಕುತ್ತಿದ್ದರೆ ಅದು ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಾಲು ತೆಗೆಯಿರಿ, ಹತ್ತಿರದಲ್ಲೇ ನಿಲ್ಲಿಸಿ. ಉರಿಯದ ಪೆಟ್ರೋಲ್ ಕ್ಯಾಟಿನೊಳಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ. ಸುಮ್ಮನೆ ಹತ್ತಿಕೊಂಡಿದ್ದರೆ ಸಮಯವಿದೆ. ಕಾರಿನ ಕಂಪ್ಯೂಟರನ್ನು ಓದುವ ಅಗ್ಗದ ಒಬಿಡಿ ಡಾಂಗಲ್ ಸಿಕ್ಕಿಸಿ ದೋಷದ ಕೋಡ್ ಓದಿ. ಓದುವ ಮುಂಚೆ ಅಳಿಸಬೇಡಿ. ಕೋಡ್ ಜೊತೆಗೆ ಆ ಕ್ಷಣದ ಆರ್‌ಪಿಎಂ, ಬಿಸಿ, ವೇಗ ಎಲ್ಲ ದಾಖಲಾಗಿರುತ್ತದೆ, ಅದೂ ಬೇಕು.

ಪಿ0141 ಅಥವಾ ಆಕ್ಸಿಜನ್ ಸೆನ್ಸರ್ ಹೀಟರಿನ ಬೇರೆ ಯಾವುದೇ ಕೋಡ್ ಬಂದರೆ ಸೆನ್ಸರ್ ಕೊಳ್ಳಲು ಓಡಬೇಡಿ. ಹೆಚ್ಚಿನ ಸಲ ಕನೆಕ್ಟರ್ ಪೂರ್ತಿ ಕೂತಿರುವುದಿಲ್ಲ, ಅಥವಾ ವೈರು ಡೌನ್‌ಪೈಪಿಗೆ ತಾಗಿ ಸುಟ್ಟಿರುತ್ತದೆ. ಹೊಸ ಡೌನ್‌ಪೈಪಿನಲ್ಲಿ ಸೆನ್ಸರ್ ಕೂರುವ ಕೋನ ಸ್ವಲ್ಪ ಬೇರೆ ಇರುತ್ತದೆ, ವೈರು ಬಿಗಿಯಾಗಿ ಎಳೆದುಕೊಂಡಿರುತ್ತದೆ. ಕಣ್ಣಲ್ಲಿ ನೋಡಿದರೆ ಸಾಕು. ಸೆನ್ಸರ್ ಬಿಚ್ಚಿ ಹಾಕಿದರೆ ಆಂಟಿ-ಸೀಜ್ ಗ್ರೀಸನ್ನು ಥ್ರೆಡ್ಡಿಗೆ ಮಾತ್ರ ಹಚ್ಚಿ, ತೂತುಗಳಿರುವ ಮೂತಿಗೆ ಸೋಕದಿರಲಿ.

ಪಿ2096 ಅಂದರೆ ಕ್ಯಾಟಿನ ಹಿಂದಿನ ಸೆನ್ಸರಿಗೆ ಆಮ್ಲಜನಕ ಜಾಸ್ತಿ ಕಾಣುತ್ತಿದೆ. ಹೊಸ ಎಕ್ಸಾಸ್ಟ್ ಆದ ಮೇಲೆ ಇದು ಬಂದರೆ ನನ್ನ ಮೊದಲ ಅನುಮಾನ ಲೀಕ್ ಮೇಲೆ. ಲೀಕ್ ಅಂದರೆ ಹೊಗೆ ಹೊರಗೆ ಹೋಗುವುದು ಮಾತ್ರವಲ್ಲ. ಎರಡು ತಳ್ಳುವಿಕೆಗಳ ನಡುವೆ ಪೈಪಿನೊಳಗಿನ ಒತ್ತಡ ಕುಸಿದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಮ್ಮಿಯಾಗಿದೆ ಅಂತ ತಿಳಿಯುತ್ತದೆ, ಇಸಿಯು ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿದ್ದಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು. ಆಕ್ಸಲರೇಟರ್ ಬಿಟ್ಟಾಗ ಪಟ್ ಪಟ್ ಸಿಡಿದರೂ ಅಷ್ಟೇ, ರೀಮ್ಯಾಪಿನಲ್ಲಿ ಬೇಕಂತಲೇ ಹಾಕಿಸಿಕೊಂಡಿದ್ದರೆ ಬಿಡಿ.

ಪಿ0420 ಎಲ್ಲರಿಗೂ ಬಾಯಿಪಾಠವಾಗಿರುವ ಕೋಡ್. ಕ್ಯಾಟ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಇಸಿಯು ಹೇಳುತ್ತಿದೆ. ಡಾಂಗಲ್ಲಿನಲ್ಲಿ ಹಿಂದಿನ ಸೆನ್ಸರಿನ ವೋಲ್ಟೇಜ್ ನೋಡಿ. ಎಂಜಿನ್ ಬಿಸಿಯಾಗಿ, ಒಂದೇ ವೇಗದಲ್ಲಿ ಹೋಗುವಾಗ ಅದು 0.6-0.7 ವೋಲ್ಟಿನ ಸುತ್ತ ನೆಮ್ಮದಿಯಾಗಿ ಇರಬೇಕು. 0.1ರಿಂದ 0.9ಕ್ಕೆ ಕುಣಿಯುತ್ತಿದ್ದರೆ ಕ್ಯಾಟ್ ಕೆಲಸ ಮಾಡುತ್ತಿಲ್ಲ, ಅಥವಾ ಸೆನ್ಸರ್ ಹತ್ತಿರ ಲೀಕ್ ಇದೆ. ಲೀಕ್ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಲೀಕ್ ಇಲ್ಲ, ಕ್ಯಾಟ್ ಇಲ್ಲದ ಡೌನ್‌ಪೈಪ್ ಹಾಕಿಸಿದ್ದೀರಿ ಅಂದರೆ ಕೋಡ್ ಸುಳ್ಳು ಹೇಳುತ್ತಿಲ್ಲ. ಚದರ ಇಂಚಿಗೆ 200 ಕಣ್ಣಿನ ಹೈ-ಫ್ಲೋ ಕ್ಯಾಟ್ ಇದ್ದರೂ ಕಂಪನಿಯ ಒತ್ತೊತ್ತಾದ ಕ್ಯಾಟಿನಷ್ಟು ಅದು ಸ್ವಚ್ಛ ಮಾಡುವುದಿಲ್ಲ, ಕೆಲವು ಕಾರಿನಲ್ಲಿ ಕೋಡ್ ಬಂದೇ ಬರುತ್ತದೆ. ಸೆನ್ಸರನ್ನು ಹೊಗೆಯಿಂದ ದೂರ ಇಡುವ ಸ್ಪೇಸರ್ ಮಾರುತ್ತಾರೆ. ಅದು ಲೈಟ್ ಆರಿಸುತ್ತದೆ, ಹೊಗೆ ಹಾಗೇ ಇರುತ್ತದೆ. ಅದನ್ನು ಹಾಕಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬಿಎಸ್4 ಕಾರಿಗೆ ಎಮಿಷನ್ ಟೆಸ್ಟಿನಲ್ಲಿ ಐಡ್ಲಿಂಗ್ ಕಾರ್ಬನ್ ಮೊನಾಕ್ಸೈಡ್ ಮಿತಿ 0.3 ಶೇಕಡಾ. ಕ್ಯಾಟ್ ಇಲ್ಲದೆ ಅದರೊಳಗೆ ನಿಲ್ಲುವುದು ಕಷ್ಟ. ಸದ್ದಿನ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಸದ್ದು, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕಿತ್ತ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ನೋಡಿಯೇ ಇರುತ್ತೀರಿ ಅಲ್ವಾ?

## ಪಿಕಪ್ ಕಮ್ಮಿಯಾಯ್ತು

ಮೊದಲು ಒಂದು ಕಹಿ ಮಾತು. "ಕಮ್ಮಿಯಾಯ್ತು" ಬೇರೆ, "ಜಾಸ್ತಿಯಾಗಲಿಲ್ಲ" ಬೇರೆ. ಈಗಿನ ಟರ್ಬೊ ಕಾರಿನ ಇಸಿಯು ಇಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು ಅಂತ ತಾನೇ ಗೊತ್ತು ಮಾಡಿಕೊಂಡು, ಅಷ್ಟಕ್ಕೆ ಸರಿಯಾಗಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕೊಡುತ್ತದೆ. ಪೈಪು ದೊಡ್ಡದಾದರೆ ಅದೇ ಟಾರ್ಕಿಗೆ ಟರ್ಬೊ ಕಡಿಮೆ ಕಷ್ಟಪಡುತ್ತದೆ. ರೀಮ್ಯಾಪ್ ಇಲ್ಲದೆ ಡೌನ್‌ಪೈಪಿನಿಂದ ದೊಡ್ಡ ಬದಲಾವಣೆ ಕಾಣದಿದ್ದರೆ ಅದು ದೋಷವಲ್ಲ. ಬರೀ ಕ್ಯಾಟ್‌ಬ್ಯಾಕ್‌ನಿಂದ ಸಿಗುವುದು ಬಹುಪಾಲು ಸದ್ದೇ.

ನಿಜಕ್ಕೂ ಕಮ್ಮಿಯಾಗಿದ್ದರೆ ಬಾನೆಟ್ ಎತ್ತಿ. ಡೌನ್‌ಪೈಪ್ ತೆಗೆಯಲು ಜಾಗ ಮಾಡಿಕೊಳ್ಳುವಾಗ ಇನ್‌ಟೇಕ್ ಪೈಪು, ಬೂಸ್ಟ್ ಹೋಸ್ ಸರಿಸಿರುತ್ತಾರೆ. ಒಂದು ಕ್ಲಿಪ್ ಅರ್ಧ ಕೂತಿದ್ದರೂ ಬೂಸ್ಟ್ ಏರಿದಾಗ ಅಲ್ಲಿಂದ ಗಾಳಿ ಹೋಗುತ್ತದೆ. ಒತ್ತಿ ಓಡಿಸುವಾಗ ಜೋರಾದ ಸುಸ್ ಕೇಳಿ, ಬೂಸ್ಟ್ ಸಾಲದು ಅನ್ನುವ ಪಿ0299 ಕೋಡ್ ಬಂದು, ಕಾರು ತಾನೇ ಶಕ್ತಿ ಇಳಿಸಿಕೊಳ್ಳುವ ಲಿಂಪ್ ಮೋಡಿಗೆ ಹೋದರೆ ಇದೇ ಕಾರಣ ಅಂದುಕೊಂಡು ಪ್ರತಿ ಕ್ಲಿಪ್ಪನ್ನೂ ಕೈಯಿಂದ ಎಳೆದು ನೋಡಿ. ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟನ್ನು ತೆರೆದು ಮುಚ್ಚುವ ಆಕ್ಚುವೇಟರಿನ ಕನೆಕ್ಟರ್ ಕೂತಿದೆಯೇ, ಅದರ ಕಡ್ಡಿ ಹೊಸ ಪೈಪಿಗೋ ಹೀಟ್ ಶೀಲ್ಡಿಗೋ ತಾಗುತ್ತಿದೆಯೇ, ಅದನ್ನೂ ನೋಡಿ.

ಮುಂದಿನದು ಪೈಪಿನೊಳಗಿನ ಅಡ್ಡಿ. ಮೂರು ಇಂಚಿನ ಪೈಪಿನ ನಡುವೆ ಎರಡೂವರೆ ಇಂಚಿನ ತೂತಿರುವ ಪ್ಯಾಕಿಂಗ್ ಹಾಕಿದ್ದನ್ನು ನೋಡಿದ್ದೇನೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಳೆಯ ಕ್ಯಾಟ್ ಒಡೆದ ಕಾರಣಕ್ಕೆ ಡೌನ್‌ಪೈಪ್ ಬದಲಾಯಿಸಿದ್ದರೆ, ಅದರ ಚೂರುಗಳು ಹಿಂದಿನ ಸೈಲೆನ್ಸರಿನಲ್ಲಿ ಕೂತಿರಬಹುದು. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಸೈಲೆನ್ಸರ್ ತಟ್ಟಿ, ಒಳಗೆ ಗಲಗಲ ಅಂದರೆ ಬಿಚ್ಚಿಸಿ.

ಇದಕ್ಕೆ ತದ್ವಿರುದ್ಧದ ಲಕ್ಷಣವೂ ಇದೆ. ಕಾರು ಚೆನ್ನಾಗಿ ಎಳೆಯುತ್ತಿರುವಾಗ ಧಡಕ್ಕನೆ ಶಕ್ತಿ ನಿಂತು, ಮತ್ತೆ ಬರುತ್ತದೆ. ಪಿ0234 ಕೋಡ್, ಅಂದರೆ ಬೂಸ್ಟ್ ಬೇಕಾದ್ದಕ್ಕಿಂತ ಏರಿದೆ. ಹೊಗೆಗೆ ಮುಂದಿನ ದಾರಿ ಸಲೀಸಾದ್ದರಿಂದ ಟರ್ಬೊ ಹಳೆಯ ಮ್ಯಾಪ್ ಊಹಿಸಿದ್ದಕ್ಕಿಂತ ಬೇಗ ಸುತ್ತುತ್ತಿದೆ. ಇದನ್ನು ರಸ್ತೆಯಲ್ಲಿ ಮತ್ತೆ ಮತ್ತೆ ಮಾಡಿ ನೋಡಬೇಡಿ. ಇಸಿಯು ಕೇಳಿದ ಬೂಸ್ಟ್, ಸಿಕ್ಕಿದ ಬೂಸ್ಟ್ ಎರಡನ್ನೂ ಒಂದೇ ಗ್ರಾಫಿನಲ್ಲಿ ಲಾಗ್ ಮಾಡಿಸಿ. ಆಕ್ಚುವೇಟರ್ ಸರಿಯಿದ್ದೂ ಸಿಕ್ಕಿದ್ದು ಮೇಲೆ ಮೇಲೆ ಹಾರುತ್ತಿದ್ದರೆ ಈ ಪೈಪಿಗೆ ತಕ್ಕ ಮ್ಯಾಪ್ ಬೇಕು. ಅದು ಟ್ಯೂನರ್, ಅಂದರೆ ರೀಮ್ಯಾಪ್ ಮಾಡುವವರ ಕೆಲಸ. ಲಾಗ್ ನೋಡದೆ ಫೈಲ್ ಹಾಕಿಕೊಡುತ್ತೇನೆ ಅನ್ನುವವರಿಗೆ ಕಾರು ಕೊಡಬೇಡಿ.

## ಸುಟ್ಟ ವಾಸನೆ, ಹೊಗೆ

ಮೊದಲ ದಿನ ಸ್ವಲ್ಪ ಹೊಗೆ, ಎಣ್ಣೆ ಸುಟ್ಟ ವಾಸನೆ ಸಹಜ. ಪೈಪಿನ ಮೇಲಿದ್ದ ಬೆರಳ ಗುರುತು, ಪೆನೆಟ್ರೇಟಿಂಗ್ ಆಯಿಲ್ ಸುಡುತ್ತಿರುತ್ತದೆ. ಮಾರನೆಯ ದಿನವೂ ಇದ್ದರೆ ಸಹಜವಲ್ಲ.

ರಬ್ಬರ್ ವಾಸನೆ ಬಂದರೆ ಡ್ರೈವ್‌ಶಾಫ್ಟಿನ ಬೂಟ್ ನೋಡಿ. ಡೌನ್‌ಪೈಪ್ ಅದರ ಪಕ್ಕದಲ್ಲೇ ಇಳಿಯುತ್ತದೆ, ಹೀಟ್ ಶೀಲ್ಡ್ ವಾಪಸ್ ಹಾಕದಿದ್ದರೆ ಬೂಟ್ ಬಿರಿದು ಗ್ರೀಸ್ ಚಿಮ್ಮುತ್ತದೆ. ಟರ್ಬೊ ಕೆಳಗೆ ಎಣ್ಣೆ ಹನಿ ಕಂಡರೆ ಆಯಿಲ್ ರಿಟರ್ನ್ ಪೈಪಿನ ಪ್ಯಾಕಿಂಗ್ ಅಲುಗಿರಬಹುದು. ಬಿಸಿ ಡೌನ್‌ಪೈಪ್ ಮೇಲೆ ಎಣ್ಣೆ ಬಿದ್ದರೆ ಬೆಂಕಿಗೆ ಅಷ್ಟು ಸಾಕು. ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಹೊಗೆ ಜೋರಾಗಿದ್ದರೆ ಬಾನೆಟ್ ಪೂರ್ತಿ ತೆರೆಯಬೇಡಿ, ಗಾಳಿ ಸಿಕ್ಕಿ ಭುಗಿಲೇಳುತ್ತದೆ. ಎಲ್ಲರನ್ನೂ ಇಳಿಸಿ ದೂರ ನಿಂತು 112ಕ್ಕೆ ಫೋನ್ ಮಾಡಿ.

ಟೇಲ್‌ಪೈಪಿನಿಂದ ನೀಲಿ ಹೊಗೆ ಬಂದು, ಜೊತೆಗೆ ಸೈರನ್ ಥರದ ಸಣ್ಣ ಕೂಗು ಬೂಸ್ಟ್ ಜೊತೆ ಏರಿ ಇಳಿದರೆ ಟರ್ಬೊ ಬೇರಿಂಗ್ ಹೋಗಿರಬಹುದು. ಇಲ್ಲಿ ಮನೆಯ ಪರೀಕ್ಷೆ ಮುಗಿಯಿತು. ಓಡಿಸಿದರೆ ಟರ್ಬೊ ಒಳಗಿನ ಚಕ್ರದ ಚೂರು ಎಂಜಿನ್ನಿಗೆ ಹೋಗುವ ಅಪಾಯವಿದೆ.

## ಗ್ಯಾರೇಜಿಗೆ ಹೋಗುವಾಗ

ಫೋನಿನಲ್ಲಿ ತಣ್ಣನೆ ಸ್ಟಾರ್ಟಿನ ವಿಡಿಯೊ ಮಾಡಿಕೊಂಡು ಹೋಗಿ. ಅಲ್ಲಿಗೆ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಟಿಕ್ ಮಾಯವಾಗಿರುತ್ತದೆ, "ಏನೂ ಇಲ್ಲ ಸಾರ್" ಅನ್ನುತ್ತಾರೆ. ಆಗುವುದಾದರೆ ಕಾರನ್ನು ಹಿಂದಿನ ರಾತ್ರಿಯೇ ಬಿಟ್ಟುಬನ್ನಿ, ಬೆಳಿಗ್ಗೆ ಅವರೇ ಸ್ಟಾರ್ಟ್ ಮಾಡಿ ಕೇಳಲಿ. ಕೋಡ್‌ಗಳ ಫೋಟೊ, ಯಾವ ಆರ್‌ಪಿಎಂ, ಯಾವ ಗೇರ್, ತಣ್ಣಗೋ ಬಿಸಿಯೋ ಅನ್ನುವುದನ್ನು ಬರೆದು ಕೊಡಿ. ವಾರಂಟಿ ಇದ್ದರೆ ಕಂಪನಿ ಸರ್ವಿಸ್ ಸೆಂಟರಿಗೆ ಹೋಗುವ ಮುಂಚೆ ಅದರ ಷರತ್ತು ಓದಿ. ಹೊಸ ಡೌನ್‌ಪೈಪ್ ಕಂಡ ತಕ್ಷಣ ಟರ್ಬೊ ಕ್ಲೇಮ್ ತಳ್ಳಿಹಾಕುವುದು ಸಾಮಾನ್ಯ.

ಹಳೆಯ ಡೌನ್‌ಪೈಪನ್ನು ಅದರ ಕ್ಲಾಂಪ್, ಬ್ರಾಕೆಟ್, ಹೀಟ್ ಶೀಲ್ಡ್ ಸಮೇತ ಮನೆಗೆ ತನ್ನಿ. ಕ್ಯಾಟಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಆದ್ದರಿಂದ ಅದಕ್ಕೆ ಗಿರಾಕಿ ಬೇಗ ಸಿಗುತ್ತಾರೆ. "ಇಲ್ಲೇ ಬಿಟ್ಟುಹೋಗಿ ಸಾರ್" ಅಂದರೆ ಬಿಡಬೇಡಿ. ಯಾವ ಪರೀಕ್ಷೆಯಲ್ಲೂ ಕಾರಣ ಸಿಗದಿದ್ದಾಗ ಹಳೆಯದನ್ನೇ ವಾಪಸ್ ಹಾಕಿ ನೋಡುವುದು ಕೊನೆಯ ಪರೀಕ್ಷೆ. ಲಕ್ಷಣ ಹೋದರೆ ಕಾರಣ ಹೊಸ ಪೈಪಿನಲ್ಲೋ ಅದನ್ನು ಕೂರಿಸಿದ ರೀತಿಯಲ್ಲೋ ಇದೆ. ಹೋಗದಿದ್ದರೆ ಹುಡುಕಾಟ ಎಂಜಿನ್ ಕಡೆಗೆ ತಿರುಗಬೇಕು.